ಮೊಬೈಲಿನಲ್ಲಿಟ್ಟ ಭಜನೆ ಯಾರದು, ಎಲ್ಲಿಯವರೆಗೆ?

ಕಾರಟಗಿ ಸೀಮೆಯ ನಮ್ಮೂರ ಮಠದಲ್ಲಿ ಪ್ರತಿ ಅಮಾವಾಸ್ಯೆಯ ರಾತ್ರಿ ಭಜನೆ ನಡೆಯುತ್ತದೆ. ಅಪ್ಪ ಅಲ್ಲಿ ಮೂವತ್ತು ವರ್ಷಕ್ಕೂ ಮಿಕ್ಕಿ ದಮ್ಮಡಿ ಹಿಡಿದು ತತ್ವಪದ ಹಾಡಿದರು. ಕೊನೆಯ ಆರೇಳು ವರ್ಷ ಮೊಬೈಲನ್ನು ಕಂಬಕ್ಕೆ ಒರಗಿಸಿಟ್ಟು ತಾವೇ ರೆಕಾರ್ಡ್ ಮಾಡಿಕೊಳ್ಳುತ್ತಿದ್ದರು. ಬೆಳಗಾದ ಮೇಲೆ ಅದನ್ನು ಉಚಿತ ಖಾತೆಯೊಂದಕ್ಕೆ ಏರಿಸಿ, "ಇನ್ನು ಇದು ಎಲ್ಲಿಗೂ ಹೋಗುವುದಿಲ್ಲ ಬಿಡು" ಎನ್ನುತ್ತಿದ್ದರು.

ಅವರು ತೀರಿಕೊಂಡ ಮೇಲೆ ಅವರ ಸಿಮ್‌ಗೆ ಯಾರೂ ರೀಚಾರ್ಜ್ ಮಾಡಲಿಲ್ಲ. ವರ್ಷದ ಪುಣ್ಯತಿಥಿಯ ದಿನ ಅವರ ಹಾಡು ಹಾಕೋಣವೆಂದು ಹಳೆಯ ಮೊಬೈಲ್ ತೆಗೆದರೆ ಬ್ಯಾಟರಿ ಉಬ್ಬಿ, ಹಿಂಬದಿಯ ಮುಚ್ಚಳ ಎದ್ದು ನಿಂತಿತ್ತು. ನನ್ನ ಮೊಬೈಲಿನಲ್ಲಿ ಅವರ ಖಾತೆ ತೆರೆಯಲು ಹೋದೆ. ಅವರದೇ ನಂಬರಿಗೆ ಒಟಿಪಿ ಕಳುಹಿಸಿದ್ದೇವೆ ಎಂಬ ಉತ್ತರ ಬಂತು. ಆ ನಂಬರಿಗೆ ಕರೆ ಮಾಡಿದಾಗ ಬೇರೆ ಜಿಲ್ಲೆಯ ಹುಡುಗಿಯೊಬ್ಬಳು ಎತ್ತಿದಳು. ತಾನು ಆರು ತಿಂಗಳ ಹಿಂದೆ ಈ ಸಿಮ್ ತೆಗೆದುಕೊಂಡದ್ದಾಗಿ ಹೇಳಿ, "ಒಟಿಪಿ ಬಂದಿದೆ ಅಣ್ಣ, ಆದರೆ ಯಾರಿಗೂ ಹೇಳಬಾರದು ಎಂದು ಅದರಲ್ಲೇ ಬರೆದಿದ್ದಾರೆ" ಎಂದಳು. ಅವಳ ಮಾತು ಸರಿಯಾಗಿತ್ತು. ನಾನು ಒತ್ತಾಯಿಸಲಿಲ್ಲ.

ಅಂದಿನಿಂದ ಈ ವಿಷಯವನ್ನು ಕೆದಕಿ ಕೆದಕಿ ತಿಳಿದುಕೊಂಡಿದ್ದೇನೆ. ಮದುವೆಯ ಫೋಟೊ, ಜಾತ್ರೆಯ ಲೈವ್ ವಿಡಿಯೊ, ಅಜ್ಜಿಯ ಸೋಬಾನೆ ಪದ ಎಲ್ಲವನ್ನೂ ಈಗ ಮೊಬೈಲಿಗೇ ಒಪ್ಪಿಸಿರುವ ಪ್ರತಿ ಮನೆಗೂ ಇದು ಬೇಕಾಗುತ್ತದೆ ಎಂಬ ಕಾರಣಕ್ಕೆ ಬರೆಯುತ್ತಿದ್ದೇನೆ.

ನೆಲ್ಲು, ಗೋದಾಮು, ರಸೀದಿ

ಗಂಗಾವತಿ, ಸಿಂಧನೂರು ಕಡೆಯ ರೈತರಿಗೆ ಇದನ್ನು ಹೇಳುವುದು ಸುಲಭ. ಸುಗ್ಗಿಯಲ್ಲಿ ಭತ್ತಕ್ಕೆ, ನಮ್ಮ ಮಾತಿನಲ್ಲಿ ನೆಲ್ಲಿಗೆ, ಬೆಲೆ ಇರುವುದಿಲ್ಲ. ಹಾಗಾಗಿ ಚೀಲಗಳನ್ನು ಗೋದಾಮಿನಲ್ಲಿ ಇಡುತ್ತೇವೆ. ನೆಲ್ಲು ನಮ್ಮದು, ಗೋದಾಮು ಬೇರೆಯವರದು. ಚೀಲ ಬಿಡಿಸಿಕೊಳ್ಳಲು ರಸೀದಿ ಬೇಕು. ಮಾಲು, ಅದನ್ನು ಇಟ್ಟ ಜಾಗ, ಅದನ್ನು ಬಿಡಿಸುವ ಚೀಟಿ ಮೂರೂ ಬೇರೆ ಬೇರೆ ಎಂಬುದನ್ನು ಯಾವ ರೈತನಿಗೂ ಹೇಳಿಕೊಡಬೇಕಿಲ್ಲ.

ಆನ್‌ಲೈನ್‌ನಲ್ಲಿ ಇಟ್ಟ ವಸ್ತುವಿಗೂ ಈ ಮೂರು ಇವೆ. ಹಾಡಿನ ಮೇಲಿನ ಹಕ್ಕು ಯಾರದು ಎಂಬುದು ಒಂದು. ಆ ಹಾಡಿನ ಪ್ರತಿ ಯಾರ ಯಂತ್ರದಲ್ಲಿ ಕುಳಿತಿದೆ ಎಂಬುದು ಇನ್ನೊಂದು. ಖಾತೆಯನ್ನು ತೆರೆಯುವ ಬೀಗದ ಕೈ ಯಾರ ಬಳಿ ಇದೆ ಎಂಬುದು ಮೂರನೆಯದು. ಅಪ್ಪನ ವಿಷಯದಲ್ಲಿ ಹಕ್ಕು ನಮ್ಮ ಮನೆಯವರದೇ. ಆದರೆ ಪ್ರತಿ ಯಾವುದೋ ದೂರದ ಯಂತ್ರದಲ್ಲಿತ್ತು, ಬೀಗದ ಕೈ ಗುರುತಿಲ್ಲದ ಹುಡುಗಿಯ ಕೈಸೇರಿತ್ತು. ಹಕ್ಕು ಇದ್ದೂ ಏನೂ ಮಾಡಲಾಗಲಿಲ್ಲ.

'ಕ್ಲೌಡ್' ಇರುವುದು ನೆಲದ ಮೇಲೆ

ಕ್ಲೌಡ್ ಎಂದರೆ ಮೋಡ. ಹೆಸರು ಕೇಳಿ, ಫೋಟೊಗಳು ಗಾಳಿಯಲ್ಲೆಲ್ಲೋ ತೇಲುತ್ತಿವೆ ಎಂದುಕೊಳ್ಳುವವರೇ ಹೆಚ್ಚು. ಅದು ಕಂಪನಿಯೊಂದರ ಕಟ್ಟಡ. ಒಳಗೆ ಸಾಲುಸಾಲಾಗಿ ಕಂಪ್ಯೂಟರುಗಳು, ಅವುಗಳಿಗೆ ಹಗಲೂ ರಾತ್ರಿ ವಿದ್ಯುತ್ತು, ಬಿಸಿಯಾಗದಂತೆ ತಂಪು ಮಾಡುವ ಯಂತ್ರಗಳು. ಡೇಟಾ ಸೆಂಟರ್ ಎನ್ನುವುದು ಇದನ್ನೇ. ಇದಕ್ಕೆಲ್ಲ ಖರ್ಚಿದೆ. ಖರ್ಚಿರುವ ಕಡೆ ಮಿತಿ ಇರುತ್ತದೆ, ನಿಯಮ ಇರುತ್ತದೆ, ಒಂದಲ್ಲ ಒಂದು ದಿನ ಅಂಗಡಿ ಮುಚ್ಚುವ ಸಾಧ್ಯತೆಯೂ ಇರುತ್ತದೆ.

ಗೂಗಲ್ ಖಾತೆಯಲ್ಲಿ ಉಚಿತವಾಗಿ ಸಿಗುವ ಜಾಗ 15 ಜಿಬಿ. ಮೇಲ್, ಫೋಟೊ, ಡ್ರೈವ್ ಮೂರೂ ಅದರಲ್ಲೇ ಹಂಚಿಕೊಳ್ಳಬೇಕು. 2021ರ ಜೂನ್ 1ಕ್ಕಿಂತ ಮೊದಲು ಸ್ವಲ್ಪ ಗುಣಮಟ್ಟ ತಗ್ಗಿಸಿದ ಫೋಟೊಗಳನ್ನು ಎಷ್ಟು ಬೇಕಾದರೂ ಇಡಬಹುದಿತ್ತು, ಅಂದಿನಿಂದ ಆ ಸೌಲಭ್ಯ ನಿಂತಿತು. ಒಂದು ಗಂಟೆಯ ಸ್ಪಷ್ಟ ವಿಡಿಯೊ ಹಲವು ಜಿಬಿ ನುಂಗುತ್ತದೆ. ಅದೇ ಒಂದು ಗಂಟೆಯ ಹಾಡನ್ನು ಬರೀ ಧ್ವನಿಯಾಗಿ ಸಾಮಾನ್ಯ ಎಂಪಿ3 ರೂಪದಲ್ಲಿ ಇಟ್ಟರೆ ಸುಮಾರು 60 ಎಂಬಿ ಸಾಕು. ಭಜನೆ, ಸೋಬಾನೆ, ಹಂತಿ ಪದಗಳನ್ನು ಉಳಿಸಬೇಕೆನ್ನುವವರು ಈ ಲೆಕ್ಕವನ್ನು ನೆನಪಿಡಬೇಕು. ಇಡೀ ಊರಿನ ಪದಗಳು ಒಂದು ಪೆನ್‌ಡ್ರೈವ್‌ನಲ್ಲಿ ಹಿಡಿಸುತ್ತವೆ.

'ಒಪ್ಪುತ್ತೇನೆ' ಎಂದು ಒತ್ತಿದಾಗ

ಯೂಟ್ಯೂಬ್‌ಗೋ ಫೇಸ್‌ಬುಕ್‌ಗೋ ವಿಡಿಯೊ ಹಾಕಿದರೆ ಅದು ಕಂಪನಿಯ ಆಸ್ತಿಯಾಗುತ್ತದೆ ಎಂಬ ಭಯ ಬಹಳ ಮಂದಿಗಿದೆ. ಅದು ನಿಜವಲ್ಲ. ಅವರ ಷರತ್ತುಗಳಲ್ಲೇ ಮಾಲೀಕತ್ವ ನಿಮ್ಮದೇ ಎಂದು ಬರೆದಿದೆ. ನಾವು ಅವರಿಗೆ ಕೊಡುವುದು ಪರವಾನಗಿಯನ್ನು. ಆ ವಿಡಿಯೊವನ್ನು ಜಗತ್ತಿನ ಎಲ್ಲೆಡೆ ತೋರಿಸಲು, ಅದರ ಪ್ರತಿ ಮಾಡಲು, ಬೇರೆ ಬೇರೆ ಅಳತೆಗೆ ಬದಲಿಸಲು ನಮಗೆ ಹಣ ಕೊಡದೆಯೇ ಅನುಮತಿ ಪಡೆಯುತ್ತಾರೆ. ಗೋದಾಮಿನವನಿಗೆ "ನನ್ನ ಚೀಲದ ಮಾದರಿಯನ್ನು ಬಂದವರಿಗೆಲ್ಲ ತೋರಿಸಬಹುದು" ಎಂದು ಬರೆದುಕೊಟ್ಟ ಹಾಗೆ.

ಆದರೆ ಗೋದಾಮಿನವನಿಗೂ ಈ ಕಂಪನಿಗಳಿಗೂ ಒಂದು ವ್ಯತ್ಯಾಸವಿದೆ. ಬಾಡಿಗೆ ಪಡೆದ ಗೋದಾಮಿನವನು ಚೀಲವನ್ನು ಕಾಯುವ ಹೊಣೆ ಹೊತ್ತಿರುತ್ತಾನೆ. ಉಚಿತ ಸೇವೆಯ ಷರತ್ತುಗಳಲ್ಲಿ ಅಂಥ ಭರವಸೆಯನ್ನು ಸಾಮಾನ್ಯವಾಗಿ ಕೊಟ್ಟಿರುವುದಿಲ್ಲ. ನಿಯಮ ಮೀರಿದೆ ಎನಿಸಿದರೆ ಅವರು ತೆಗೆಯಬಹುದು, ಸೇವೆಯನ್ನೇ ನಿಲ್ಲಿಸಬಹುದು.

ಹಾಡು ಒಂದು, ಹಕ್ಕು ಹಲವು

ಈಗ ಹಕ್ಕಿನ ಮಾತು. ನಮ್ಮಲ್ಲಿ ಇದಕ್ಕೆ ಆಧಾರ 1957ರ ಕೃತಿಸ್ವಾಮ್ಯ ಕಾಯ್ದೆ. ಕೃತಿಸ್ವಾಮ್ಯ ಎಂದರೆ ಬರೆದದ್ದನ್ನು, ರಚಿಸಿದ್ದನ್ನು ಪ್ರತಿ ಮಾಡುವ, ಪ್ರಕಟಿಸುವ, ಮಾರುವ ಹಕ್ಕು. ಕವಿತೆ ಬರೆದ ಕ್ಷಣದಲ್ಲೇ ಅದು ಬರೆದವರಿಗೆ ಬರುತ್ತದೆ. ನೋಂದಣಿ ಮಾಡಿಸಬಹುದು, ಆದರೆ ಕಡ್ಡಾಯವಲ್ಲ. ಸಾಹಿತ್ಯ ಮತ್ತು ಸಂಗೀತ ರಚನೆಗಳಿಗೆ ಈ ಹಕ್ಕು ರಚಿಸಿದವರ ಬದುಕಿನುದ್ದಕ್ಕೂ, ಅವರು ತೀರಿಕೊಂಡ ಮುಂದಿನ ವರ್ಷದಿಂದ 60 ವರ್ಷದವರೆಗೂ ಇರುತ್ತದೆ. ಆ ಮೇಲೆ ಅದು ಎಲ್ಲರದು.

ಅಪ್ಪ ಹಾಡುತ್ತಿದ್ದ ಪದಗಳಲ್ಲಿ ಹೆಚ್ಚಿನವು ಶಿಶುನಾಳ ಶರೀಫರವು. ಶರೀಫರು ತೀರಿಕೊಂಡದ್ದು 1889ರಲ್ಲಿ. ಮಾನ್ವಿಯ ಜಗನ್ನಾಥದಾಸರಂತೂ ಅದಕ್ಕೂ 80 ವರ್ಷ ಹಿಂದಿನವರು. ಆ ಪದಗಳನ್ನು ಹಾಡಲು, ಅಚ್ಚು ಹಾಕಲು ಯಾರ ಅಪ್ಪಣೆಯೂ ಬೇಡ. ಆದರೆ ಅದೇ ಪದವನ್ನು ಇತ್ತೀಚೆಗೆ ಯಾರೋ ಹಾಡಿ, ಯಾವುದೋ ಕಂಪನಿ ಕ್ಯಾಸೆಟ್ ಮಾಡಿದ್ದರೆ ಆ ಧ್ವನಿಮುದ್ರಣಕ್ಕೆ ಪ್ರತ್ಯೇಕ ಹಕ್ಕಿದೆ, ಪ್ರಕಟವಾದ ಮುಂದಿನ ವರ್ಷದಿಂದ 60 ವರ್ಷ. ಅದರ ಸಂಗೀತವನ್ನು ಹಿನ್ನೆಲೆಗೆ ಹಾಕಿಕೊಂಡು ನಮ್ಮ ಭಜನಾ ಮಂಡಳಿ ಹಾಡಿದ ವಿಡಿಯೊ ಏರಿಸಿದರೆ, ಯೂಟ್ಯೂಬ್‌ನ ಯಂತ್ರ ಅದನ್ನು ಹೋಲಿಸಿ ನೋಡಿ ಹಿಡಿಯುತ್ತದೆ. ಹಕ್ಕುದಾರರು ಅದರ ಜಾಹೀರಾತಿನ ಹಣವನ್ನು ತಾವೇ ಪಡೆಯಬಹುದು, ಇಲ್ಲವೇ ತಡೆಯಬಹುದು. ಅವರು ಕಾನೂನುಬದ್ಧ ದೂರು ಕೊಟ್ಟು ವಿಡಿಯೊ ತೆಗೆಸಿದರೆ ಚಾನೆಲ್‌ಗೆ ಎಚ್ಚರಿಕೆ ಬೀಳುತ್ತದೆ. 90 ದಿನಗಳೊಳಗೆ ಅಂಥ ಮೂರು ಎಚ್ಚರಿಕೆ ಬಂದರೆ ಚಾನೆಲ್ಲೇ ಮುಚ್ಚಬಹುದು. ಅಲ್ಲಿದ್ದ ನಮ್ಮ ಸ್ವಂತ ವಿಡಿಯೊಗಳೂ ಅದರೊಂದಿಗೆ ಹೋಗುತ್ತವೆ. ಹಾರ್ಮೋನಿಯಂ, ತಬಲಾ, ದಮ್ಮಡಿ ನಮ್ಮವೇ ಆಗಿದ್ದರೆ ಈ ತೊಡಕು ಬಹುಮಟ್ಟಿಗೆ ಇಲ್ಲ.

ಇನ್ನು ಹಾಡಿದವರ ಹಕ್ಕು. ಇದು ನಮ್ಮ ಜಿಲ್ಲೆಗಳಿಗೆ ತೀರ ಹತ್ತಿರದ ವಿಷಯ. ಸಂಡೂರು ತಾಲ್ಲೂಕಿನ ದರೋಜಿಯ ಈರಮ್ಮನವರು ಅಕ್ಷರ ಕಲಿತವರಲ್ಲ. ಬುರ್ರಕಥೆಯ ಉದ್ದುದ್ದ ಕಾವ್ಯಗಳನ್ನು ನೆನಪಿನಿಂದಲೇ ಹಾಡುತ್ತಿದ್ದರು. ಹಂಪಿಯ ಕನ್ನಡ ವಿಶ್ವವಿದ್ಯಾಲಯ ಅವರಿಗೆ ನಾಡೋಜ ಗೌರವ ನೀಡಿತು. 2014ರಲ್ಲಿ ತೀರಿಕೊಂಡರು. ಕೊಪ್ಪಳ ಜಿಲ್ಲೆಯ ಮೋರನಾಳದ ಭೀಮವ್ವ ಶಿಳ್ಳೇಕ್ಯಾತರ ಅವರಿಗೆ ತೊಗಲುಗೊಂಬೆಯಾಟಕ್ಕಾಗಿ 2025ರಲ್ಲಿ ಪದ್ಮಶ್ರೀ ಬಂತು. ಇಂಥ ಕಲಾವಿದರ ಕಥೆ ಪರಂಪರೆಯದು, ಯಾರೊಬ್ಬರ ಸೊತ್ತೂ ಅಲ್ಲ. ಆದರೆ ಅವರು ಅದನ್ನು ಹಾಡಿ ಆಡಿದ ಆ ಪ್ರದರ್ಶನ ಅವರದು. ಕಾಯ್ದೆಯಲ್ಲಿ ಇದಕ್ಕೆ ಪ್ರದರ್ಶಕರ ಹಕ್ಕು ಎಂದು ಹೆಸರು, ಪ್ರದರ್ಶನದ ಮುಂದಿನ ವರ್ಷದಿಂದ 50 ವರ್ಷ ಇರುತ್ತದೆ. ಅವರ ಒಪ್ಪಿಗೆ ಇಲ್ಲದೆ ರೆಕಾರ್ಡ್ ಮಾಡಿ ಮಾರುವಂತಿಲ್ಲ. 2012ರ ತಿದ್ದುಪಡಿಯಲ್ಲಿ ಇನ್ನೂ ಒಂದು ಮಾತು ಸೇರಿತು: ಪ್ರದರ್ಶನ ತಮ್ಮದೆಂದು ಗುರುತಿಸಿಕೊಳ್ಳುವ ಹಕ್ಕು ಕಲಾವಿದರಿಗಿದೆ. ಊರಿನ ಅಜ್ಜಿಯ ಪದವನ್ನು ಮೊಬೈಲಿನಲ್ಲಿ ಹಿಡಿದು, ಅವಳ ಹೆಸರನ್ನೂ ಹೇಳದೆ ತನ್ನ ಚಾನೆಲ್‌ಗೆ ಹಾಕಿಕೊಳ್ಳುವವರನ್ನು ನಾನು ನೋಡಿದ್ದೇನೆ. ಕೇಳಿದರೆ "ಜಾನಪದ ಎಲ್ಲರದಲ್ಲವೇ" ಎನ್ನುತ್ತಾರೆ. ಪದ ಎಲ್ಲರದು. ದನಿ ಅಜ್ಜಿಯದು.

ಮದುವೆಯ ಫೋಟೊ ಯಾರದು ಎಂದು ಸ್ಟುಡಿಯೊದವರೊಂದಿಗೆ ಜಗಳವಾಡುವವರಿಗೆ ಒಂದು ಮಾತು. ನೀವು ಹೇಳಿ, ಹಣ ಕೊಟ್ಟು ತೆಗೆಸಿದ ಫೋಟೊಗೆ, ಬೇರೆ ಒಪ್ಪಂದ ಇಲ್ಲದಿದ್ದರೆ, ಮೊದಲ ಹಕ್ಕುದಾರರು ನೀವೇ ಎಂದು ಕಾಯ್ದೆಯ 17ನೇ ಕಲಮಿನಲ್ಲಿದೆ. ಆಲ್ಬಂ ಜೊತೆಗೆ ಮೂಲ ಫೈಲುಗಳನ್ನೂ ಕೊಡಬೇಕೆಂದು ಮುಂಗಡ ಕೊಡುವಾಗಲೇ ಮಾತಾಡಿಕೊಳ್ಳುವುದು ಒಳ್ಳೆಯದು.

ಇಟ್ಟದ್ದು ಏಕೆ ಮಾಯವಾಗುತ್ತದೆ

ಮೊದಲ ಕಾರಣ, ಅಂಗಡಿ ಮುಚ್ಚುವುದು. ಆರ್ಕುಟ್ ಎಂಬ ಸಾಮಾಜಿಕ ಜಾಲತಾಣ 2014ರ ಸೆಪ್ಟೆಂಬರ್ 30ಕ್ಕೆ ನಿಂತಿತು. ಗೂಗಲ್ ಪ್ಲಸ್ 2019ರ ಏಪ್ರಿಲ್‌ನಲ್ಲಿ ಮುಚ್ಚಿತು. ಬೆಂಗಳೂರಿನಲ್ಲೇ ಹುಟ್ಟಿ, ಮೊದಲು ಕನ್ನಡದಲ್ಲೇ ಶುರುವಾದ 'ಕೂ' ಎಂಬ ಜಾಲತಾಣ 2024ರ ಜುಲೈನಲ್ಲಿ ನಿಲ್ಲುವುದಾಗಿ ಘೋಷಿಸಿತು. ಸರ್ಕಾರದ ಆದೇಶದಿಂದಲೂ ಬಾಗಿಲು ಮುಚ್ಚಬಹುದು: 2020ರ ಜೂನ್ 29ರಂದು ಟಿಕ್‌ಟಾಕ್ ಸೇರಿ 59 ಆ್ಯಪ್‌ಗಳನ್ನು ಭಾರತದಲ್ಲಿ ನಿರ್ಬಂಧಿಸಿದಾಗ, ಅಲ್ಲಿಗೆ ಮಾತ್ರ ಹಾಕಿ ಮೊಬೈಲಿನಿಂದ ಅಳಿಸಿದ್ದ ವಿಡಿಯೊಗಳು ಹಾಕಿದವರ ಕೈಗೇ ಸಿಗದಂತಾದವು.

ಎರಡನೆಯದು, ನಿಯಮ ಬದಲಾಗುವುದು. ಫೇಸ್‌ಬುಕ್ ಲೈವ್ ವಿಡಿಯೊಗಳು ಮೊದಲು ಹಾಗೇ ಉಳಿಯುತ್ತಿದ್ದವು. 2025ರ ಫೆಬ್ರವರಿ 19ರಿಂದ ಹೊಸ ಲೈವ್‌ಗಳು 30 ದಿನ ಮಾತ್ರ ಇರುತ್ತವೆ. ಜಾತ್ರೆಯ ತೇರನ್ನು ಲೈವ್ ಹಾಕಿದ ಹುಡುಗರು ತಿಂಗಳೊಳಗೆ ಅದನ್ನು ಇಳಿಸಿಕೊಳ್ಳದಿದ್ದರೆ ಮುಂದಿನ ವರ್ಷ ತೋರಿಸಲು ಏನೂ ಇರುವುದಿಲ್ಲ. ಗೂಗಲ್ ಕೂಡ ಎರಡು ವರ್ಷ ಬಳಸದೆ ಬಿಟ್ಟ ವೈಯಕ್ತಿಕ ಖಾತೆಗಳನ್ನು ಅಳಿಸುವ ನಿಯಮವನ್ನು 2023ರ ಡಿಸೆಂಬರ್‌ನಿಂದ ಜಾರಿಗೆ ತಂದಿದೆ.

ಮೂರನೆಯದು ಬರೀ ಅವಘಡ. ಮೈಸ್ಪೇಸ್ ಎಂಬ ತಾಣ ಯಂತ್ರಗಳನ್ನು ಬದಲಿಸುವಾಗ 2015ಕ್ಕಿಂತ ಮೊದಲಿನ 12 ವರ್ಷಗಳ ಹಾಡುಗಳನ್ನು ಕಳೆದುಕೊಂಡದ್ದು 2019ರಲ್ಲಿ ಬಯಲಾಯಿತು. ಅಮೆರಿಕದ ಪ್ಯೂ ಸಂಶೋಧನಾ ಕೇಂದ್ರ 2024ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, 2013ರಲ್ಲಿ ಇದ್ದ ವೆಬ್ ಪುಟಗಳಲ್ಲಿ ಶೇ. 38ರಷ್ಟು ಹತ್ತು ವರ್ಷದಲ್ಲಿ ಸಿಗದಂತಾಗಿವೆ.

ಸರ್ಕಾರಿ ದಾಖಲೆಗಳ ಸ್ಥಿತಿ ಬೇರೆ. ಪಹಣಿ ಕಳೆದರೆ ಭೂಮಿ ತಂತ್ರಾಂಶದಿಂದ ಮತ್ತೆ ತೆಗೆಸಬಹುದು, ಏಕೆಂದರೆ ಮೂಲ ದಾಖಲೆ ಇಲಾಖೆಯಲ್ಲಿದೆ. ಭಜನೆಯ ಮೂಲ ಯಾವ ಕಚೇರಿಯಲ್ಲೂ ಇರುವುದಿಲ್ಲ.

ಬೀಗದ ಕೈ

ಪಾಸ್‌ವರ್ಡ್ ಮರೆತರೂ ಒಟಿಪಿಯಿಂದ ತೆರೆಯಬಹುದು ಎಂಬ ಧೈರ್ಯ ನಮಗೆಲ್ಲ ಇದೆ. ಆದರೆ 90 ದಿನ ಯಾವ ಬಳಕೆಯೂ ಇಲ್ಲದ ಪ್ರೀಪೇಯ್ಡ್ ಸಿಮ್ ರದ್ದಾಗಬಹುದು, ಸ್ವಲ್ಪ ಕಾಲದ ನಂತರ ಅದೇ ನಂಬರು ಬೇರೆಯವರಿಗೆ ಹೋಗುತ್ತದೆ. ನಮ್ಮ ಮನೆಯಲ್ಲಿ ಆದದ್ದು ಅದೇ. ಮನೆಯಲ್ಲಿ ಯಾರಾದರೂ ತೀರಿಕೊಂಡರೆ, ಖಾತೆಗಳೆಲ್ಲ ಇತ್ಯರ್ಥವಾಗುವವರೆಗೆ ಆ ಸಿಮ್ ಅನ್ನು ಜೀವಂತ ಇಡಿ. ನನ್ನ ಇಡೀ ಬರಹದಲ್ಲಿ ಈ ಒಂದು ಮಾತು ಯಾರಿಗಾದರೂ ಉಪಯೋಗಕ್ಕೆ ಬಂದರೂ ಸಾಕು.

ಬದುಕಿರುವಾಗಲೇ ಮಾಡಬಹುದಾದ ವ್ಯವಸ್ಥೆಗಳೂ ಇವೆ. ಇಷ್ಟು ತಿಂಗಳು ಖಾತೆ ಬಳಸದಿದ್ದರೆ ಇಂಥವರಿಗೆ ನನ್ನ ಫೋಟೊ, ಫೈಲು ಕೊಡಿ ಎಂದು ಗೂಗಲ್ ಖಾತೆಯ ಸೆಟ್ಟಿಂಗ್‌ನಲ್ಲಿ ಹೇಳಿಡಬಹುದು. ಫೇಸ್‌ಬುಕ್‌ನಲ್ಲಿ ತಮ್ಮ ನಂತರ ಪುಟವನ್ನು ನೋಡಿಕೊಳ್ಳುವವರನ್ನು ನೇಮಿಸಬಹುದು. ಬ್ಯಾಂಕಿನ ನಾಮಿನಿ ಇದ್ದ ಹಾಗೆ ಎಂದುಕೊಳ್ಳಿ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯೂ, ತಮ್ಮ ಮರಣಾನಂತರ ತಮ್ಮ ಮಾಹಿತಿಯ ಹಕ್ಕುಗಳನ್ನು ಚಲಾಯಿಸಲು ಒಬ್ಬರನ್ನು ಹೆಸರಿಸುವ ಅವಕಾಶ ಕೊಟ್ಟಿದೆ. ಅದರ ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾಗಿದ್ದು, ಹಂತ ಹಂತವಾಗಿ ಜಾರಿಗೆ ಬರುತ್ತವೆ.

ಮಸ್ಕಿಯ ಬಂಡೆ

ರಾಯಚೂರು ಜಿಲ್ಲೆಯ ಮಸ್ಕಿಯ ಬಂಡೆಯ ಮೇಲೆ ಅಶೋಕ ಬರೆಸಿದ ಶಾಸನ ಇದೆ. ಸುಮಾರು 2,200 ವರ್ಷದಿಂದ ಅಲ್ಲೇ ಇದೆ. ಕಲ್ಲು ಗಟ್ಟಿ, ಆದ್ದರಿಂದ ಉಳಿಯಿತು ಎಂದುಬಿಡುವುದು ಸುಲಭ. ಆದರೆ ಸಂರಕ್ಷಣೆಯ ಕೆಲಸದಲ್ಲಿರುವವರು ಇಂದು ಒತ್ತಿ ಹೇಳುವ ಮೂರು ಸಂಗತಿಗಳೂ ಆ ಬಂಡೆಯ ಕಥೆಯಲ್ಲಿವೆ.

ಒಂದು, ಪ್ರತಿಗಳು. ಈ ಕಿರು ಶಾಸನದ ಸಂದೇಶವನ್ನು ಒಂದೇ ಕಡೆ ಬರೆಸಿ ಬಿಡಲಿಲ್ಲ. ಕೊಪ್ಪಳದ ಗವಿಮಠದ ಬೆಟ್ಟದಲ್ಲಿ ಇದೆ, ಅಲ್ಲೇ ಹತ್ತಿರದ ಪಾಲ್ಕಿಗುಂಡುವಿನಲ್ಲಿ ಇದೆ, ಬಳ್ಳಾರಿ ಜಿಲ್ಲೆಯ ನಿಟ್ಟೂರು ಮತ್ತು ಉಡೇಗೊಳದಲ್ಲಿ ಇದೆ. ಪಾಲ್ಕಿಗುಂಡುವಿನ ಪ್ರತಿ ಬಹಳ ಸವೆದಿದೆ. ಗವಿಮಠದ್ದು ಚೆನ್ನಾಗಿ ಉಳಿದಿದೆ. ಒಂದು ಸವೆದರೆ ಇನ್ನೊಂದು ಹೇಳುತ್ತದೆ.

ಎರಡು, ಹೆಸರು. ಅಶೋಕನ ಬಹಳಷ್ಟು ಶಾಸನಗಳಲ್ಲಿ ಇರುವುದು 'ದೇವಾನಾಂಪ್ರಿಯ' ಎಂಬ ಬಿರುದು ಮಾತ್ರ. ಅದು ಯಾವ ರಾಜನದು ಎಂಬುದಕ್ಕೆ ನೇರ ಸಾಕ್ಷ್ಯ ಬೇಕಿತ್ತು. ಗಣಿ ಎಂಜಿನಿಯರ್ ಸಿ. ಬೀಡನ್ 1915ರಲ್ಲಿ ಮಸ್ಕಿಯ ಶಾಸನವನ್ನು ಪತ್ತೆ ಮಾಡಿದಾಗ ಅದರಲ್ಲಿ 'ಅಸೋಕ' ಎಂಬ ಹೆಸರೇ ಸಿಕ್ಕಿತು. ನಮ್ಮ ಮೊಬೈಲುಗಳಲ್ಲಿರುವ ಸಾವಿರಾರು ಫೈಲುಗಳಿಗೆ ಹೆಸರಿಲ್ಲ, ಬರೀ ಅಂಕಿಗಳ ಸಾಲು. ಹಾಡಿದವರು ಯಾರು, ಎಲ್ಲಿ, ಯಾವಾಗ ಎಂದು ಬರೆದಿಡದ ಧ್ವನಿ ಇಪ್ಪತ್ತು ವರ್ಷದ ನಂತರ ಬರೀ ಯಾರದೋ ಧ್ವನಿ.

ಮೂರು, ಲಿಪಿ. ಬಂಡೆ ಗಟ್ಟಿಯಾಗಿದ್ದರೂ ಬ್ರಾಹ್ಮಿ ಲಿಪಿಯನ್ನು ಓದುವವರು ಶತಮಾನಗಳ ಕಾಲ ಇರಲಿಲ್ಲ. 1837ರಲ್ಲಿ ಜೇಮ್ಸ್ ಪ್ರಿನ್ಸೆಪ್ ಅದನ್ನು ಬಿಡಿಸಿದ. ಕನ್ನಡಿಗರ ಕಂಪ್ಯೂಟರುಗಳಲ್ಲಿ ಇದೇ ತೊಂದರೆ ಬೇರೆ ರೂಪದಲ್ಲಿದೆ. ನುಡಿ, ಬರಹ ತಂತ್ರಾಂಶಗಳ ಹಳೆಯ ಫಾಂಟುಗಳಲ್ಲಿ ಟೈಪ್ ಮಾಡಿದ ಕಡತಗಳು ಒಳಗೆ ಇಂಗ್ಲಿಷ್ ಅಕ್ಷರಗಳೇ, ಮೇಲೆ ಮಾತ್ರ ಕನ್ನಡದ ಹೊದಿಕೆ. ಆ ಫಾಂಟ್ ಇಲ್ಲದ ಮೊಬೈಲಿನಲ್ಲಿ ತೆರೆದರೆ ಅರ್ಥವಾಗದ ಚಿಹ್ನೆಗಳ ರಾಶಿ. ಯೂನಿಕೋಡ್ ಎಂಬ ಜಾಗತಿಕ ವ್ಯವಸ್ಥೆಯಲ್ಲಿ ಕನ್ನಡದ ಪ್ರತಿ ಅಕ್ಷರಕ್ಕೂ ತನ್ನದೇ ಸಂಖ್ಯೆಯಿದೆ, ಆದ್ದರಿಂದ ಎಲ್ಲಿ ತೆರೆದರೂ ಕನ್ನಡವಾಗಿಯೇ ಕಾಣುತ್ತದೆ. ಹಳೆಯ ಕಡತಗಳನ್ನು ಯೂನಿಕೋಡ್‌ಗೆ ಬದಲಿಸುವ ಉಚಿತ ಸಾಧನಗಳಿವೆ. ಶಾಲೆಯ ಸ್ಮರಣ ಸಂಚಿಕೆ, ಊರಿನ ಇತಿಹಾಸ, ಯಾರದೋ ಕವಿತೆಯ ಕಟ್ಟು ಹಳೆಯ ಫಾಂಟಿನಲ್ಲಿ ಇದ್ದರೆ ಈಗಲೇ ಬದಲಿಸಿಕೊಳ್ಳಬೇಕು.

ಹಗೇವು, ವಾಡೆ, ಬೀಜದ ತೆನೆ

ನಮ್ಮ ಅಜ್ಜಂದಿರು ಜೋಳವನ್ನು ಒಂದೇ ಕಡೆ ಇಡುತ್ತಿರಲಿಲ್ಲ. ಹೆಚ್ಚಿನದು ನೆಲದೊಳಗಿನ ಹಗೇವಿನಲ್ಲಿ, ವರ್ಷದ ಊಟಕ್ಕೆ ಬೇಕಾದಷ್ಟು ಮನೆಯೊಳಗಿನ ಕಣಜವಾದ ವಾಡೆಯಲ್ಲಿ, ಬೀಜಕ್ಕೆಂದು ಆರಿಸಿದ ತೆನೆ ಸೂರಿನಲ್ಲಿ. ಹಗೇವಿಗೆ ನೀರು ನುಗ್ಗಿದರೂ ಬೀಜ ಉಳಿಯುತ್ತಿತ್ತು. ಡಿಜಿಟಲ್ ಸಂರಕ್ಷಣೆಯಲ್ಲೂ ಇದೇ ಲೆಕ್ಕ: ಮೂರು ಪ್ರತಿ, ಎರಡು ಬಗೆಯ ಸಾಧನ, ಅವುಗಳಲ್ಲಿ ಒಂದು ಮನೆಯಿಂದ ದೂರ. ಒಂದು ಮೊಬೈಲಿನಲ್ಲಿ, ಒಂದು ಹಾರ್ಡ್ ಡಿಸ್ಕಿನಲ್ಲಿ, ಒಂದು ಆನ್‌ಲೈನ್ ಖಾತೆಯಲ್ಲಿ ಇಟ್ಟರೆ ಆಯಿತು. ಹಾರ್ಡ್ ಡಿಸ್ಕೂ ಕೆಡುತ್ತದೆ, ಕಪಾಟಿನಲ್ಲಿ ವರ್ಷಗಟ್ಟಲೆ ಬಿಟ್ಟ ಪೆನ್‌ಡ್ರೈವ್ ತನ್ನೊಳಗಿನದನ್ನು ಮರೆಯುತ್ತದೆ. ವರ್ಷಕ್ಕೊಮ್ಮೆ, ದೀಪಾವಳಿಗೆ ಮನೆ ಸಾರಿಸುವಾಗಲೋ ಏನೋ, ತೆರೆದು ನೋಡಿ ಹೊಸದಕ್ಕೆ ನಕಲಿಸಬೇಕು.

ಖಾತೆಯಲ್ಲಿ ಇರುವುದನ್ನೆಲ್ಲ ಒಟ್ಟಿಗೆ ಇಳಿಸಿಕೊಳ್ಳಲು ಗೂಗಲ್‌ನಲ್ಲಿ ಟೇಕ್‌ಔಟ್ ಎಂಬ ಸೌಲಭ್ಯವಿದೆ. ಫೇಸ್‌ಬುಕ್‌ನಲ್ಲೂ ಅಂಥದೊಂದು ಇದೆ. ವಾಟ್ಸ್‌ಆ್ಯಪ್‌ನಲ್ಲಿ ಮಾಮೂಲಿಯಾಗಿ ಕಳುಹಿಸಿದ ಫೋಟೊ ಕುಗ್ಗುತ್ತದೆ, 'ಡಾಕ್ಯುಮೆಂಟ್' ಎಂದು ಆರಿಸಿ ಕಳುಹಿಸಿದರೆ ಇದ್ದ ಹಾಗೇ ಹೋಗುತ್ತದೆ. ಊರಿಗೆಲ್ಲ ಸೇರಿದ ವಿಷಯವಾದರೆ ಇಂಟರ್ನೆಟ್ ಆರ್ಕೈವ್ ಎಂಬ ಲಾಭರಹಿತ ಗ್ರಂಥಾಲಯವಿದೆ. 1996ರಲ್ಲಿ ಅಮೆರಿಕದಲ್ಲಿ ಶುರುವಾದದ್ದು. ಕನ್ನಡದ ಸಾವಿರಾರು ಹಳೆಯ ಪುಸ್ತಕಗಳ ಸ್ಕ್ಯಾನ್ ಅಲ್ಲಿವೆ. ಹಾಡನ್ನು ಉಚಿತವಾಗಿ ಏರಿಸಬಹುದು, ಯಾವುದಾದರೂ ವೆಬ್ ಪುಟದ ವಿಳಾಸ ಕೊಟ್ಟು ಅದರ ಪ್ರತಿ ತೆಗೆಸಿಡಬಹುದು. ಆದರೆ ಪಾಸ್‌ವರ್ಡ್ ಹಿಂದೆ ಇರುವುದು ಅದಕ್ಕೆ ಕಾಣುವುದಿಲ್ಲ. 2024ರ ಅಕ್ಟೋಬರ್‌ನಲ್ಲಿ ದಾಳಿಗೆ ಸಿಕ್ಕಿ ಆ ತಾಣವೇ ಕೆಲವು ದಿನ ನಿಂತಿತ್ತು, ಹಾಗಾಗಿ ಅದೊಂದನ್ನೇ ನೆಚ್ಚುವಂತಿಲ್ಲ. ಹಾಡಿದವರ ಒಪ್ಪಿಗೆ ಕೇಳಿ, ಹೆಸರು ಬರೆದು ಏರಿಸಿ. ಒಪ್ಪಿಗೆಯನ್ನು ಅವರ ಬಾಯಿಂದಲೇ ರೆಕಾರ್ಡಿನ ಮೊದಲಲ್ಲಿ ಹೇಳಿಸಿದರೆ ಓದು ಬಾರದವರಿಗೂ ಸಹಿಯ ತೊಡಕಿಲ್ಲ.

ಅಪ್ಪನ ಖಾತೆ ಇಂದಿಗೂ ತೆರೆದಿಲ್ಲ. ಆದರೆ ಅವರು ನೆಂಟರಿಗೆ, ಭಜನೆಯ ಗೆಳೆಯರಿಗೆ ಆಗಾಗ ಕಳುಹಿಸಿದ್ದ ಹನ್ನೊಂದು ಹಾಡುಗಳು ಅವರಿವರ ಮೊಬೈಲುಗಳಲ್ಲಿ ಸಿಕ್ಕವು. ಯಾವುದಕ್ಕೂ ದಿನಾಂಕವಿಲ್ಲ. ಅವ್ವನನ್ನು ಕೂರಿಸಿಕೊಂಡು ಒಂದೊಂದಾಗಿ ಕೇಳಿಸಿದೆ. ಒಂದರಲ್ಲಿ ಪದ ಮುಗಿದ ಮೇಲೆ ಹಿಂದಿನಿಂದ ಯಾರೋ ಡ್ಯಾಮಿನ ಗೇಟು ಕೊಚ್ಚಿಹೋದ ಮಾತು ತೆಗೆಯುತ್ತಾರೆ, ಅಪ್ಪ "ಸುಮ್ಮನಿರ್ರಪ್ಪ, ಇನ್ನೊಂದು ಪದ ಇದೆ" ಎನ್ನುತ್ತಾರೆ. ತುಂಗಭದ್ರೆಯ 19ನೇ ಗೇಟು ಹೋದದ್ದು 2024ರ ಆಗಸ್ಟ್ 10ರ ರಾತ್ರಿ. ಅದರ ಮುಂದಿನ ಅಮಾವಾಸ್ಯೆ ಬೆನಕನ ಅಮಾವಾಸ್ಯೆ ಎಂದು ಅವ್ವ ಲೆಕ್ಕ ಹಾಕಿದಳು. ಕ್ಯಾಲೆಂಡರ್ ನೋಡಿ ಆ ಫೈಲಿಗೆ '2024-09-02, ಬೆನಕನ ಅಮಾವಾಸ್ಯೆ, ಮಠದ ಭಜನೆ' ಎಂದೂ, ಅದರ ಮುಂದೆ ಅಪ್ಪನ ಪೂರ್ತಿ ಹೆಸರನ್ನೂ ಬರೆದೆ.

ಹನ್ನೊಂದರಲ್ಲಿ ಏಳಕ್ಕೆ ಹೀಗೆ ಹೆಸರು ಬಂದಿದೆ. ಉಳಿದ ನಾಲ್ಕನ್ನು ಕೇಳಿಸಲು, ಅವರೊಂದಿಗೆ ಹಾರ್ಮೋನಿಯಂ ನುಡಿಸುತ್ತಿದ್ದ ಹಿರಿಯರ ಮನೆಗೆ ಈ ವಾರ ಹೋಗುತ್ತಿದ್ದೇನೆ. ಅವರಿಗೆ ಈಗ ಕಿವಿ ಮಂದ. ಪಕ್ಕದ ಮನೆಯವರ ದೊಡ್ಡ ಸ್ಪೀಕರನ್ನು ಕೇಳಿಟ್ಟಿದ್ದೇನೆ.